ಡ್ರಮ್ಮಿನ ನೀರು, ಎಂಟನೇ ಕ್ಲಾಸು: ಮುಂಬಯಿಯ ಕನ್ನಡ ಶಾಲೆಯೊಂದರ ಪ್ರಕರಣ

ಡೆಂಗ್ಯೂ ಯಾವ ಸೊಳ್ಳೆಯಿಂದ ಹರಡುತ್ತದೆ? ಈ ಪ್ರಶ್ನೆಗೆ ನಮ್ಮ ಶಾಲೆಯ ಎಂಟನೇ ಕ್ಲಾಸಿನ ಮಕ್ಕಳೆಲ್ಲ ಟೆಸ್ಟಿನಲ್ಲಿ ಸರಿಯಾದ ಉತ್ತರ ಬರೆದಿದ್ದರು. ಈಡಿಸ್ ಇಜಿಪ್ಟಿ. ಕಾಗುಣಿತ ಹಿಂದೆ ಮುಂದೆ ಆಗಿದ್ದರೂ ಮಾರ್ಕು ಸಿಕ್ಕಿತ್ತು. ಪೇಪರ್ ಹಂಚಿದ ದಿನ ವಿಜ್ಞಾನದ ಸರ್ ಸುಮ್ನೆ ಇನ್ನೊಂದು ಪ್ರಶ್ನೆ ಕೇಳಿದರು. ನಿಮ್ಮ ಮನೆ ಹತ್ತಿರ ಈ ಸೊಳ್ಳೆ ಎಲ್ಲಿ ಹುಟ್ಟುತ್ತೆ? ಹೆಚ್ಚಿನವರ ಉತ್ತರ ಒಂದೇ: ಗಟಾರದಲ್ಲಿ.

ಅದು ತಪ್ಪು. ಗಟಾರದ ಕೊಳಕು ನೀರಿನಲ್ಲಿ ಹುಟ್ಟುವುದು ಹೆಚ್ಚಾಗಿ ಕ್ಯೂಲೆಕ್ಸ್ ಸೊಳ್ಳೆ. ಅದು ರಾತ್ರಿ ಕಚ್ಚುತ್ತದೆ, ಡೆಂಗ್ಯೂ ತರುವುದಿಲ್ಲ. ಈಡಿಸ್ ಹಗಲು ಕಚ್ಚುವ ಸೊಳ್ಳೆ. ಅದಕ್ಕೆ ಬೇಕಾದ್ದು ಮನೆಯೊಳಗೆ, ಮನೆಯ ಸುತ್ತಮುತ್ತ ನಿಂತ ತಿಳಿ ನೀರು. ಡ್ರಮ್ಮು, ಬಕೆಟ್ಟು, ಕೂಲರ್, ಬಿಸಾಡಿದ ಟಯರು, ತೆಂಗಿನ ಚಿಪ್ಪು. ಸರ್ ಇದನ್ನೆಲ್ಲ ಬೋರ್ಡಿನ ಮೇಲೆ ಬರೆದಿದ್ದರು, ಮಕ್ಕಳು ನೋಟ್ಸಿನಲ್ಲಿ ಇಳಿಸಿಕೊಂಡಿದ್ದರು. ಆದರೂ ಮನೆಯ ಮಾತು ಬಂದಾಗ ಕಣ್ಣು ಗಟಾರದ ಕಡೆಗೇ ಹೋಯಿತು.

ಮುಂದೆ ಹೇಳುವ ಪ್ರಕರಣ ಶುರುವಾದದ್ದು ಇಲ್ಲಿಂದ. ನಾನು ಆ ಶಾಲೆಯಲ್ಲಿ ಕನ್ನಡ ಕಲಿಸುವವಳು. ಕೆಲಸದಲ್ಲಿ ನನ್ನದು ಸಣ್ಣ ಪಾಲು. ಹೆಚ್ಚಿನದನ್ನು ಮಾಡಿದವರು ವಿಜ್ಞಾನದ ಸರ್, ಲೆಕ್ಕದ ಟೀಚರ್, ಮಕ್ಕಳು, ಮತ್ತು ಬಸ್ತಿಯ, ಅಂದರೆ ಕೊಳೆಗೇರಿಯ, ಕೆಲವು ಹೆಂಗಸರು. ಶಾಲೆಯ ಹೆಸರನ್ನೂ ಜನರ ಹೆಸರನ್ನೂ ಇಲ್ಲಿ ಹಾಕುತ್ತಿಲ್ಲ.

ಶಾಲೆ, ಗುಡ್ಡ, ನಳ

ಮುಂಬಯಿಯ ಪೂರ್ವ ಉಪನಗರದಲ್ಲಿ ಘಾಟ್ಕೋಪರ್‌ನಿಂದ ಭಾಂಡುಪ್‌ವರೆಗೆ ಗುಡ್ಡಕ್ಕೆ ಅಂಟಿಕೊಂಡ ಬಸ್ತಿಗಳಿವೆ. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಬರುವುದು ಅಂಥ ಒಂದು ಬಸ್ತಿಯಿಂದ. ಹಿಂದೆ ಮುಂಬಯಿಯ ಕನ್ನಡ ಶಾಲೆ ಅಂದರೆ ಉಡುಪಿ, ಮಂಗಳೂರು ಕಡೆಯ ಹೋಟೆಲ್ ಜನರ ಮಕ್ಕಳು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದವರ ಕತೆ ಇಲ್ಲಿನ ಪ್ರತಿ ಕನ್ನಡ ಸಂಘದಲ್ಲೂ ಕೇಳಸಿಗುತ್ತದೆ. ಈಗ ಆ ಮನೆಗಳ ಮೊಮ್ಮಕ್ಕಳು ಇಂಗ್ಲಿಷ್ ಮೀಡಿಯಮ್ಮಿಗೆ ಹೋಗುತ್ತಾರೆ. ನಮ್ಮ ಬೆಂಚುಗಳಲ್ಲಿ ಕೂತಿರುವವರು ಕಲಬುರಗಿ, ಯಾದಗಿರಿ, ವಿಜಯಪುರದಿಂದ ಬಂದ ಕಟ್ಟಡ ಕಾರ್ಮಿಕರ ಮಕ್ಕಳು. ಅಪ್ಪ ಸೆಂಟ್ರಿಂಗ್ ಕೆಲಸಕ್ಕೆ, ಅವ್ವ ಮನೆಗೆಲಸಕ್ಕೆ. ಪಾಠಪುಸ್ತಕ ಪುಣೆಯ ಬಾಲಭಾರತಿಯದು. ಮಹಾರಾಷ್ಟ್ರದ ಪುಸ್ತಕಗಳು ಕನ್ನಡದಲ್ಲೂ ಅಚ್ಚಾಗುತ್ತವೆ ಅನ್ನುವುದು ಬೆಂಗಳೂರಿನ ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ.

ಈ ನಗರಕ್ಕೆ ಏಳು ಕೆರೆಗಳ ನೀರು ಬರುತ್ತದೆ: ತುಳಸಿ, ವಿಹಾರ್, ತಾನ್ಸಾ, ಮೋದಕ್ ಸಾಗರ, ಮೇಲಿನ ವೈತರಣಾ, ಮಧ್ಯ ವೈತರಣಾ, ಭಾತ್ಸಾ. ಅದರಲ್ಲಿ ದೊಡ್ಡ ಪಾಲು ಶುದ್ಧವಾಗುವುದು ಭಾಂಡುಪಿನಲ್ಲೇ. ಆದರೆ ಪಕ್ಕದ ಗುಡ್ಡ ಹತ್ತುವಷ್ಟರಲ್ಲಿ ಆ ನೀರಿಗೆ ಜೋರು ಇರುವುದಿಲ್ಲ. ದಿನಕ್ಕೆ ಸ್ವಲ್ಪ ಹೊತ್ತು ನಳ ಬರುತ್ತದೆ. ಬಂದಾಗ ಹಿಡಿದಿಟ್ಟುಕೊಳ್ಳಬೇಕು. ಹಾಗಾಗಿ ಪ್ರತಿ ಮನೆಯ ಬಾಗಿಲಲ್ಲೂ ನೀಲಿ ಪ್ಲಾಸ್ಟಿಕ್ ಡ್ರಮ್ಮು.

ಮಳೆಗಾಲದಲ್ಲಿ ಜ್ವರದ ರಜೆ ನಮಗೆ ಹೊಸದಲ್ಲ. ಆ ಜುಲೈನಲ್ಲಿ ಮಾತ್ರ ಖಾಲಿ ಬೆಂಚುಗಳು ಕಣ್ಣಿಗೆ ಹೊಡೆಯುವಷ್ಟಾಗಿದ್ದವು. ಒಬ್ಬ ಹುಡುಗಿಯ ಅವ್ವ ಡೆಂಗ್ಯೂ ಎಂದು ಪಾಲಿಕೆಯ ಆಸ್ಪತ್ರೆ ಸೇರಿದ್ದಳು. ಅದೇ ಹೊತ್ತಿಗೆ ಎಂಟನೇ ಕ್ಲಾಸಿನ ವಿಜ್ಞಾನದಲ್ಲಿ ಆರೋಗ್ಯ ಮತ್ತು ರೋಗಗಳ ಪಾಠ ನಡೆಯುತ್ತಿತ್ತು.

ಹಿಂದಿನ ವರ್ಷದ ಸ್ವಚ್ಛತಾ ಅಭಿಯಾನ

ನಮ್ಮ ಶಾಲೆಯಲ್ಲಿ ಸಮಾಜಸೇವೆ ಅಂತ ಒಂದು ಆಗಲೇ ಇತ್ತು. ಅಕ್ಟೋಬರ್ 2ರಂದು ಪೊರಕೆ, ಬ್ಯಾನರ್, ಒಂದು ಮೆರವಣಿಗೆ, ಫೋಟೋ. ವಾಟ್ಸಪ್ಪಿನಲ್ಲಿ ಟ್ರಸ್ಟಿಗಳಿಗೆ ಹೋಗುತ್ತಿತ್ತು, ಒಂದೆರಡು ಸಲ ಇಲ್ಲಿನ ಕನ್ನಡ ಪೇಪರಿನಲ್ಲೂ ಬಂತು. ಗುಡಿಸಿದ ಜಾಗ ಮರುದಿನ ಮೊದಲಿನಂತೆಯೇ. ಮಕ್ಕಳು ಏನು ಕಲಿತರು ಅಂತ ಯಾರೂ ಕೇಳಲಿಲ್ಲ, ಕೇಳುವಂಥದ್ದೂ ಇರಲಿಲ್ಲ. ನಮ್ಮ ಶಾಲೆಯನ್ನು ಮಾತ್ರ ಬೈದು ಪ್ರಯೋಜನವಿಲ್ಲ. ಸೇವೆ ಅಂದರೆ ಹೆಚ್ಚಿನ ಶಾಲೆಗಳಲ್ಲಿ ಇದೇ.

ಈ ದೇಶದಲ್ಲಿ ಯೋಚನೆಗೇನೂ ಬರ ಇರಲಿಲ್ಲ. 1937ರಲ್ಲಿ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ನಯೀ ತಾಲೀಮ್ ಮುಂದಿಟ್ಟರು. ಕೈಕೆಲಸವೇ ಪಾಠದ ನಡುಗಂಬ ಆಗಬೇಕು ಅಂದರು. ಜಾಕಿರ್ ಹುಸೇನ್ ಸಮಿತಿ ಅದಕ್ಕೆ ಪಠ್ಯದ ರೂಪ ಕೊಟ್ಟಿತು. 1964ರಿಂದ 66ರವರೆಗಿನ ಕೊಠಾರಿ ಆಯೋಗ ಕೆಲಸದ ಅನುಭವ, ಸಮಾಜಸೇವೆ ಎರಡೂ ಶಾಲೆಯಲ್ಲಿರಲಿ ಎಂದಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿಯಿಂದ ಸಮಾಜೋಪಯೋಗಿ ಉತ್ಪಾದಕ ಕೆಲಸ ಎಂಬ ವಿಷಯ ಬಂತು. ನಮ್ಮಲ್ಲಿ ಕಾರ್ಯಾನುಭವ ಅಂತ ಟೈಮ್‌ಟೇಬಲ್ಲಿನಲ್ಲಿ ಒಂದು ಚೌಕ ಇದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೇ ಕ್ಲಾಸಿನ ನಡುವೆ ಯಾವಾಗಲಾದರೂ ಮಕ್ಕಳಿಗೆ 10 ಬ್ಯಾಗಿಲ್ಲದ ದಿನ ಇರಲಿ ಎಂದಿದೆ. ಹೆಸರು ಬದಲಾದವು. ಕ್ಲಾಸಿನಲ್ಲಿ ಆದದ್ದು ಹೆಚ್ಚಾಗಿ ಕಾಗದದ ಹೂವು, ಅಗರಬತ್ತಿ ಸ್ಟ್ಯಾಂಡು.

ಅಮೆರಿಕದಲ್ಲಿ ಇದೇ ಚಿಂತನೆಗೆ ಸರ್ವಿಸ್ ಲರ್ನಿಂಗ್, ಅಂದರೆ ಸೇವಾ ಕಲಿಕೆ, ಎಂದು ಹೆಸರಿಟ್ಟದ್ದು 1967ರಲ್ಲಿ, ರಾಬರ್ಟ್ ಸಿಗ್ಮನ್ ಮತ್ತು ವಿಲಿಯಂ ರಾಮ್ಸೆ ಎಂಬ ಶಿಕ್ಷಣತಜ್ಞರು. ಮೇರಿಲ್ಯಾಂಡ್ ರಾಜ್ಯದಲ್ಲಿ ಹೈಸ್ಕೂಲು ಮುಗಿಸಲು 75 ಗಂಟೆಯ ಸೇವಾ ಕಲಿಕೆ ಕಡ್ಡಾಯವಾಯಿತು. ಗಂಟೆ ಎಣಿಸುವ ಆ ಪದ್ಧತಿ ನನಗೆ ಅಷ್ಟು ಹಿಡಿಸುವುದಿಲ್ಲ. ಅದು ನಮ್ಮ ಅಕ್ಟೋಬರ್ 2ರ ದೊಡ್ಡಣ್ಣ ಆಗುವ ಸಾಧ್ಯತೆಯೇ ಜಾಸ್ತಿ. ನನ್ನ ಪ್ರಕಾರ ನೋಡಬೇಕಾದ್ದು ಎರಡೇ. ಆ ಕೆಲಸಕ್ಕೆ ಆ ಪಾಠ ನಿಜಕ್ಕೂ ಬೇಕೇ? ಯಾರಿಗಾಗಿ ಮಾಡುತ್ತೇವೋ ಅವರ ಮಾತು ನಡೆಯುತ್ತದೆಯೇ? ನಮ್ಮ ಮೊದಲ ಸುತ್ತಿನಲ್ಲಿ ಮೊದಲನೆಯದು ಇತ್ತು, ಎರಡನೆಯದು ಇರಲಿಲ್ಲ.

ಮೊದಲ ಸುತ್ತು: ಚೆಲ್ಲಿದ ನೀರು

ವಿಜ್ಞಾನದ ಸರ್ ಮಕ್ಕಳಿಗೆ ಹೇಳಿದ್ದು ಸರಳ. ಶನಿವಾರ ಅರ್ಧ ದಿನ. ಶಾಲೆ ಬಿಟ್ಟ ಮೇಲೆ ನಿಮ್ಮ ನಿಮ್ಮ ಗಲ್ಲಿಯಲ್ಲಿ ಐದಾರು ಮನೆ ನೋಡಿ. ನಿಂತ ನೀರಿನಲ್ಲಿ ಟಾರ್ಚ್ ಬಿಟ್ಟು ಲಾರ್ವಾ ಇದೆಯಾ ಹುಡುಕಿ. ತಲೆ ಕೆಳಗೆ ಮಾಡಿ ನೀರಿನ ಮೇಲ್ಮೈಗೆ ಓರೆಯಾಗಿ ನೇತಾಡುತ್ತಿದ್ದರೆ ಅದು ಈಡಿಸ್ ಇರಬಹುದು. ಮೇಲ್ಮೈಗೆ ಸಮವಾಗಿ ಮಲಗಿದ್ದರೆ ಮಲೇರಿಯಾದ ಅನಾಫಿಲಿಸ್. ಸಿಕ್ಕರೆ ನೀರು ಚೆಲ್ಲಲು ಹೇಳಿ.

ಹದಿಮೂರು ವರ್ಷದ ಮಕ್ಕಳು. ಕೈಗೆ ಟಾರ್ಚ್ ಬಂತು, ಶಾಲೆಯ ಬ್ಯಾಡ್ಜ್ ಬಂತು. ಹೇಳಿ ಅಂದದ್ದನ್ನು ಕೆಲವರು ತಾವೇ ಮಾಡಿಬಿಟ್ಟರು. ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಬಾಗಿಲಾಚೆಯ ಡ್ರಮ್ಮುಗಳನ್ನು ಉರುಳಿಸಿದರು. ಒಬ್ಬ ಹುಡುಗ ಮೂರು ಡ್ರಮ್ಮು ಖಾಲಿ ಮಾಡಿದ್ದನ್ನು ಹೆಮ್ಮೆಯಿಂದ ಫಾರ್ಮಿನಲ್ಲಿ ಬರೆದುಕೊಂಡು ಬಂದಿದ್ದ.

ಸೋಮವಾರ ಬೆಳಿಗ್ಗೆ ಒಬ್ಬ ಅಜ್ಜಿ ಶಾಲೆಗೇ ಬಂದಳು. ಹೆಡ್ ಮಾಸ್ತರರ ರೂಮಿನಲ್ಲಿ ಕೂರಲೂ ಒಪ್ಪಲಿಲ್ಲ. "ನೀರ ಚೆಲ್ಲಿ ಹೋಗ್ಯಾರ ನಿಮ್ಮ ಹುಡುಗ್ರು. ನಳ ಬರೂದು ಮರುದಿನ. ಅಲ್ಲೀತನಕ ನಾ ಏನ್ ಮಾಡ್ಲಿ, ಮಾಸ್ತರ?" ಅವಳ ಮೊಮ್ಮಗ ಆ ದಿನ ಕುಡಿಯುವ ನೀರನ್ನು ಕೆಳಗಿನ ಹೋಟೆಲಿನಿಂದ ಕ್ಯಾನಿನಲ್ಲಿ ಹೊತ್ತು ತಂದಿದ್ದನಂತೆ. ಅವಳ ಹಿಂದೆ ಇನ್ನಿಬ್ಬರು ಹೆಂಗಸರು ಇದ್ದರು. ಇಬ್ಬರೂ ನಮ್ಮ ಮಕ್ಕಳ ಅವ್ವಂದಿರೇ.

ಹೆಡ್ ಮಾಸ್ತರು ಕೆಲಸ ನಿಲ್ಲಿಸಿ ಅಂದರು. ಟೀಚರ್‌ಗಳಲ್ಲೂ ಹಲವರಿಗೆ ಅದೇ ಸರಿ ಅನ್ನಿಸಿತು. ಮಕ್ಕಳನ್ನು ಬೀದಿಗೆ ಬಿಟ್ಟರೆ ಹೀಗೇ ಆಗೋದು ಅಂತ ಸ್ಟಾಫ್ ರೂಮಿನ ಮಾತು. ವಿಜ್ಞಾನದ ಸರ್ ಮಾತ್ರ ಬೇರೆ ಕೇಳಿದರು: ಆ ಅಜ್ಜಿಯನ್ನೇ ಒಂದು ಪೀರಿಯಡ್ ಕ್ಲಾಸಿಗೆ ಕರೆಯೋಣವಾ?

ತಾಯಂದಿರು ಹೇಳಿದ ಪಾಠ

ಇಡೀ ಪ್ರಕರಣದಲ್ಲಿ ಅತಿ ಮುಖ್ಯವಾದದ್ದು ಆ ಒಂದು ಪೀರಿಯಡ್. ಅಜ್ಜಿ ಬಂದಳು, ಜೊತೆಗೆ ನಾಲ್ಕೈದು ತಾಯಂದಿರು. ಕುರ್ಚಿ ಕೊಟ್ಟರೂ ಬೆಂಚಿನಲ್ಲೇ ಕೂತರು. ಮೊದಲ ಹತ್ತು ನಿಮಿಷ ಬೈಗುಳ. ಮಕ್ಕಳು ತಲೆ ತಗ್ಗಿಸಿ ಕೇಳಿದರು. ಆಮೇಲೆ ಸರ್ ಕೇಳಿದರು: ನಳ ಎಷ್ಟು ಹೊತ್ತಿಗೆ ಬರುತ್ತೆ? ಯಾವ ಡ್ರಮ್ಮಿನ ನೀರು ಮೊದಲು ಖರ್ಚಾಗುತ್ತೆ? ಯಾವುದು ಹಾಗೇ ಉಳಿಯುತ್ತೆ?

ಒಬ್ಬೊಬ್ಬರಾಗಿ ಹೇಳುತ್ತ ಹೋದರು. ನಳ ಬರುವ ಹೊತ್ತು ಗಲ್ಲಿಗೊಂದು ತರಹ. ಬಾಗಿಲ ಹತ್ತಿರದ ಡ್ರಮ್ಮು ದಿನಾ ಖಾಲಿಯಾಗುತ್ತದೆ, ದಿನಾ ತುಂಬುತ್ತದೆ. ಆದರೆ ಹೆಚ್ಚಿನ ಮನೆಗಳಲ್ಲಿ ಇನ್ನೊಂದು ಡ್ರಮ್ಮು ಇರುತ್ತದೆ. ನಳ ಬಾರದ ದಿನಕ್ಕೆ, ಊರಿಂದ ನೆಂಟರು ಬಂದ ದಿನಕ್ಕೆ. ಅದನ್ನು ಯಾರೂ ಮುಟ್ಟುವುದಿಲ್ಲ. ಎಷ್ಟು ದಿನದಿಂದ ನೀರು ಹಾಗೇ ಇದೆ ಎಂದು ಕೇಳಿದರೆ ಗಣಪತಿ ಹಬ್ಬದಿಂದ ಗಣಪತಿ ಹಬ್ಬಕ್ಕೆ ಎಂದು ಒಬ್ಬಾಕೆ ನಕ್ಕಳು.

ಸರ್ ಬೋರ್ಡಿನ ಕಡೆ ತಿರುಗಿ ಒಂದು ಗೆರೆ ಎಳೆದರು. ಈಡಿಸ್ ಮೊಟ್ಟೆಯಿಂದ ಹಾರುವ ಸೊಳ್ಳೆ ಆಗಲು ಇಲ್ಲಿನ ಹವೆಯಲ್ಲಿ ಸುಮಾರು 7ರಿಂದ 10 ದಿನ. ದಿನಾ ಖಾಲಿಯಾಗುವ ಡ್ರಮ್ಮಿನಲ್ಲಿ ಅದಕ್ಕೆ ಅಷ್ಟು ಸಮಯ ಸಿಗುವುದಿಲ್ಲ. ಮುಟ್ಟದ ಡ್ರಮ್ಮಿನಲ್ಲಿ ಬೇಕಾದಷ್ಟು ಸಿಗುತ್ತದೆ. ಅಂದರೆ ಮಕ್ಕಳು ಉರುಳಿಸಿದ ಡ್ರಮ್ಮುಗಳಲ್ಲಿ ಹೆಚ್ಚಿನವು ಸೊಳ್ಳೆಯ ಮಟ್ಟಿಗೆ ನಿರಪರಾಧಿಗಳು! ಬಾಗಿಲ ಬಳಿ ಸುಲಭವಾಗಿ ಸಿಕ್ಕಿದವನ್ನು ಉರುಳಿಸಿ, ಒಳಗಿದ್ದವನ್ನು ಬಿಟ್ಟು ಬಂದಿದ್ದರು.

ಇನ್ನೊಂದು ಸಂಗತಿ ಹೆಂಗಸರಿಗೂ ಹೊಸದು. ಈ ಸೊಳ್ಳೆ ಮೊಟ್ಟೆ ಇಡುವುದು ನೀರಿನೊಳಗೆ ಅಲ್ಲ, ನೀರಿನ ಗೆರೆಗಿಂತ ಸ್ವಲ್ಪ ಮೇಲೆ, ಪಾತ್ರೆಯ ಒಳಗೋಡೆಗೆ. ನೀರು ಚೆಲ್ಲಿದರೂ ಮೊಟ್ಟೆ ಅಂಟಿಕೊಂಡೇ ಇರುತ್ತದೆ. ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಮತ್ತೆ ನೀರು ಬಂದಾಗ ಒಡೆಯುತ್ತದೆ. ಹಾಗಾದರೆ ಬರೀ ಚೆಲ್ಲಿದರೆ ಸಾಲದು, ಉಜ್ಜಬೇಕು.

ಆಗ ಅಜ್ಜಿಯೇ ದಾರಿ ಹೇಳಿದಳು. ಮುಟ್ಟದ ಡ್ರಮ್ಮು ಅಂತ ಒಂದು ಇರಬಾರದು. ಇವತ್ತು ಈ ಡ್ರಮ್ಮಿನ ನೀರು ಬಳಸಿ, ನಾಳೆ ಆ ಡ್ರಮ್ಮಿನದು. ಎರಡನ್ನೂ ಸರದಿಯಲ್ಲಿ ಖಾಲಿ ಮಾಡಿದರೆ ನೀರು ಚೆಲ್ಲುವ ಮಾತೇ ಇಲ್ಲ. ನಳ ಬರುವ ಮುಂಚೆ, ತಳದಲ್ಲಿ ಒಂದು ಚೊಂಬು ಉಳಿದಿರುವಾಗ, ಅದೇ ನೀರಿನಲ್ಲಿ ಗುಂಜು ಹಾಕಿ ಉಜ್ಜಿ ಚೆಲ್ಲುವುದು. ಚೆಲ್ಲುವುದು ಒಂದು ಚೊಂಬು, ಉಳಿಯುವುದು ಡ್ರಮ್ಮು ನೀರು.

ಸಿಗ್ಮನ್ 1979ರಲ್ಲಿ ಸೇವಾ ಕಲಿಕೆಗೆ ಮೂರು ತತ್ವ ಬರೆದರು. ಮೊದಲನೆಯದು: ಯಾವ ಸೇವೆ, ಹೇಗೆ ಎಂಬುದು ಸೇವೆ ಪಡೆಯುವವರ ಹಿಡಿತದಲ್ಲಿರಬೇಕು. ಎರಡನೆಯದು: ಅವರು ತಮ್ಮ ಕೆಲಸ ತಾವೇ ಇನ್ನೂ ಚೆನ್ನಾಗಿ ಮಾಡಿಕೊಳ್ಳುವಂತಾಗಬೇಕು. ಮೂರನೆಯದು: ಸೇವೆ ಮಾಡುವವರೂ ಕಲಿಯುವವರೇ, ಏನು ಕಲಿಯಬೇಕು ಎಂಬುದರಲ್ಲಿ ಅವರಿಗೂ ಪಾಲಿರಬೇಕು. ಅಜ್ಜಿಗೆ ಸಿಗ್ಮನ್ ಗೊತ್ತಿಲ್ಲ. ಹೆಡ್ ಮಾಸ್ತರಿಗೂ ಗೊತ್ತಿರಲಿಲ್ಲ. ಜಗಳ ಮಾಡಲು ಬಂದವಳನ್ನು ಒಳಗೆ ಕರೆದು ಕೂರಿಸಿದ್ದಕ್ಕೆ ಮೊದಲನೆಯ ತತ್ವ ತಾನಾಗಿಯೇ ಜಾರಿಗೆ ಬಂತು.

ಲೆಕ್ಕದ ಪೀರಿಯಡ್

ಎರಡನೇ ಸುತ್ತಿಗೆ ಲೆಕ್ಕದ ಟೀಚರ್ ಸೇರಿಕೊಂಡರು. ಎಂಟನೇ ಕ್ಲಾಸಿನ ಗಣಿತದಲ್ಲಿ ಸಿಲಿಂಡರಿನ ಘನಫಲ ಇದೆ, ಶೇಕಡಾವಾರು ಸ್ತಂಭಾಲೇಖ ಇದೆ. ಎರಡಕ್ಕೂ ಡ್ರಮ್ಮು ಸಾಕಾಯಿತು. ಒಂದು ಡ್ರಮ್ಮನ್ನು ಕ್ಲಾಸಿಗೇ ಹೊತ್ತು ತಂದರು. ಒಳ ವ್ಯಾಸ 56 ಸೆಂಟಿಮೀಟರ್, ಎತ್ತರ 85. ಇಪ್ಪತ್ತೆರಡು ಬೈ ಏಳು, ಗುಣಿಸು ಇಪ್ಪತ್ತೆಂಟು, ಗುಣಿಸು ಇಪ್ಪತ್ತೆಂಟು, ಗುಣಿಸು ಎಂಬತ್ತೈದು. 2,09,440 ಘನ ಸೆಂಟಿಮೀಟರ್, ಅಂದರೆ 209 ಲೀಟರಿನ ಮೇಲೆ ಸ್ವಲ್ಪ. ಅಂಗಡಿಯವನು ಇನ್ನೂರು ಲೀಟರಿನ ಡ್ರಮ್ಮು ಅನ್ನುವುದು ನಿಜವೇ ಎಂದು ಮಕ್ಕಳಿಗೆ ಖಾತ್ರಿಯಾಯಿತು.

ಟೀಚರ್ ಅಲ್ಲಿಗೆ ನಿಲ್ಲಿಸುವವರಿದ್ದರು. ಒಬ್ಬ ಹುಡುಗಿ ನಿಲ್ಲಿಸಲಿಲ್ಲ. ನಮ್ಮ ಮನೆಯಲ್ಲಿ ಐದು ಜನ, ದಿನಕ್ಕೆ ಒಂದು ಡ್ರಮ್ಮು, ಹಾಗಾದರೆ ತಲೆಗೆ 42 ಲೀಟರ್ ಅಲ್ವಾ ಟೀಚರ್? ಬೇರೆಯವರಿಗೆ ಎಷ್ಟು?

ಬೇರೆಯವರಿಗೆ ಎಷ್ಟು ಎಂಬುದು ಗುಟ್ಟೇನಲ್ಲ. ಒಳಚರಂಡಿ ಇರುವ ಊರುಗಳಿಗೆ ಕೇಂದ್ರ ಸರ್ಕಾರದ ಮಾನದಂಡ ತಲೆಗೆ ದಿನಕ್ಕೆ 135 ಲೀಟರ್, ಮುಂಬಯಿಯಂಥ ಮಹಾನಗರಕ್ಕೆ 150. ಈ ನಗರದ ಬಸ್ತಿಗಳಿಗೆ ಲೆಕ್ಕ ಹಾಕುತ್ತ ಬಂದದ್ದು 45. ಹುಡುಗಿಯ ಮನೆಯ 42 ಅದರ ಹತ್ತಿರವೇ ಬಂದು ನಿಂತಿತು. ಕ್ಲಾಸು ಗದ್ದಲವಾಯಿತು. ಕೆಳಗಿನ ಟವರಿನಲ್ಲಿ ಅವ್ವ ಕೆಲಸ ಮಾಡುವ ಮನೆಯಲ್ಲಿ ಬಾತ್‌ಟಬ್ಬೇ ಇದೆ ಎಂದು ಒಬ್ಬ ಹೇಳಿದ.

ಲೆಕ್ಕದ ಟೀಚರಿಗೆ ಇದು ಇಷ್ಟವಾಗಲಿಲ್ಲ. ಸಿಲಿಂಡರ್ ಕಲಿಸಲು ಹೋಗಿ ರಾಜಕೀಯ ಬಂತು ಎಂದು ಆಮೇಲೆ ನನ್ನ ಹತ್ತಿರ ಅಂದರು. ನನಗೆ ಹಾಗನ್ನಿಸಲಿಲ್ಲ. ಡ್ರಮ್ಮು ಯಾಕೆ ಇದೆ ಎಂದು ಕೇಳದೆ ಡ್ರಮ್ಮು ಉಜ್ಜಿ ಎಂದು ಹೇಳುವುದು ಅರ್ಧ ಪಾಠ. ನೀರು ದಿನವಿಡೀ ಬಂದಿದ್ದರೆ ಹಿಡಿದಿಡುವ ಪ್ರಮೇಯವೇ ಇರಲಿಲ್ಲ, ಹಿಡಿದಿಡದಿದ್ದರೆ ಈಡಿಸ್‌ಗೆ ಮನೆಯೊಳಗೆ ಇಷ್ಟು ದೊಡ್ಡ ಜಾಗ ಸಿಗುತ್ತಿರಲಿಲ್ಲ. ಸಮಾಜವಿಜ್ಞಾನದ ಸರ್ ಮುಂದಿನ ವಾರ ಆ ಎಳೆ ಹಿಡಿದುಕೊಂಡರು. 2014ರ ಡಿಸೆಂಬರಿನಲ್ಲಿ ಬಾಂಬೆ ಹೈಕೋರ್ಟು ನೀಡಿದ ಆದೇಶವನ್ನು ವಿವರಿಸಿದರು. 2000ದ ನಂತರ ಎದ್ದ ಅನಧಿಕೃತ ಬಸ್ತಿಯವರಿಗೂ ನೀರು ಕೊಡುವುದಿಲ್ಲ ಎನ್ನುವಂತಿಲ್ಲ, ನೀರು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿಗೆ ಸೇರಿದ್ದು ಎಂದು ಕೋರ್ಟು ಹೇಳಿತ್ತು. ಪಾಲಿಕೆ ಎಲ್ಲರಿಗೂ ನೀರು ಎಂಬ ನೀತಿ ತಂದದ್ದು 2022ರಲ್ಲಿ. ಇಸವಿಗಳ ನಡುವಿನ ಅಂತರವನ್ನು ಮಕ್ಕಳೇ ಕಳೆದು ನೋಡಿದರು.

ಎಣಿಕೆಯ ವಿಷಯಕ್ಕೆ ಬರೋಣ. ಡೆಂಗ್ಯೂ ಸೊಳ್ಳೆಯ ಸಮೀಕ್ಷೆಗೆ ಲೋಕವೆಲ್ಲ ಬಳಸುವ ಮೂರು ಸೂಚ್ಯಂಕಗಳಿವೆ. ಟೀಚರ್ ಬೋರ್ಡಿನಲ್ಲಿ ಒಂದು ಅಭ್ಯಾಸ ಮಾಡಿಸಿದರು. 40 ಮನೆ ನೋಡಿದಿರಿ ಅಂದುಕೊಳ್ಳಿ. 8 ಮನೆಯಲ್ಲಿ ಲಾರ್ವಾ ಸಿಕ್ಕಿತು. ನೂರಕ್ಕೆ 20, ಇದು ಮನೆ ಸೂಚ್ಯಂಕ. ಆ 40 ಮನೆಗಳಲ್ಲಿ ಒಟ್ಟು ನೀರಿನ ಪಾತ್ರೆ 160, ಲಾರ್ವಾ ಇದ್ದದ್ದು 12ರಲ್ಲಿ. ನೂರಕ್ಕೆ 7.5, ಇದು ಪಾತ್ರೆ ಸೂಚ್ಯಂಕ. 40 ಮನೆಗೆ 12 ಪಾತ್ರೆ ಅಂದರೆ 100 ಮನೆಗೆ 30, ಇದಕ್ಕೆ ಬ್ರೆಟೋ ಸೂಚ್ಯಂಕ ಅನ್ನುತ್ತಾರೆ. ಶೇಕಡಾ ಲೆಕ್ಕ ಅಂದರೆ ಅಂಗಡಿಯವನ ಡಿಸ್ಕೌಂಟು ಮಾತ್ರ ಎಂದುಕೊಂಡಿದ್ದ ಮಕ್ಕಳು ಭಾಗಿಸುವ ಮುಂಚೆ ಕೇಳತೊಡಗಿದರು: ಯಾವುದರ ನೂರು ಟೀಚರ್, ಮನೆಯದೋ ಪಾತ್ರೆಯದೋ? ಇಷ್ಟು ವರ್ಷ ಪರೀಕ್ಷೆಯಲ್ಲಿ ಅವರು ಎಡವುತ್ತಿದ್ದದ್ದು ಸರಿಯಾಗಿ ಇಲ್ಲೇ.

ಎರಡನೇ ಸುತ್ತು

ಈ ಸಲ ನಿಯಮಗಳಿದ್ದವು. ಮನೆಯಲ್ಲಿ ದೊಡ್ಡವರಿಲ್ಲದಿದ್ದರೆ ಒಳಗೆ ಹೋಗುವಂತಿಲ್ಲ. ಡ್ರಮ್ಮು ಮುಟ್ಟುವುದು ಮನೆಯವರು ಮಾತ್ರ. ಛಾವಣಿ ಹತ್ತುವಂತಿಲ್ಲ. ಔಷಧಿಯ ಗೊಡವೆಗೆ ಹೋಗುವಂತಿಲ್ಲ. ತುಂಬುತೋಳಿನ ಅಂಗಿ ಹಾಕಬೇಕು. ಎಲ್ಲ ಮನೆಯಿಂದಲೂ ಒಪ್ಪಿಗೆಯ ಸಹಿ ಬೇಕು. ಪ್ರತಿ ಗಲ್ಲಿಗೆ ಒಬ್ಬ ಟೀಚರ್ ಅಥವಾ ಒಬ್ಬ ತಾಯಿ.

ಫಾರ್ಮು ಬರೆದದ್ದು ನನ್ನ ಪೀರಿಯಡ್ಡಿನಲ್ಲಿ. ಮೊದಲ ಸುತ್ತಿನ ಫಾರ್ಮಿನಲ್ಲಿ "ಜಲಸಂಗ್ರಹಣಾ ಪರಿಕರಗಳ ಸಂಖ್ಯೆ" ಎಂದಿತ್ತು. ಮಕ್ಕಳೇ ಅದನ್ನು ಹೊಡೆದು ಹಾಕಿ "ನೀರು ಹಿಡಿದಿಟ್ಟ ಡ್ರಮ್ಮು, ಕೊಡ, ಬಕೆಟ್ಟು ಎಷ್ಟು" ಎಂದು ಬರೆದರು. ಕೇಳುವಾಗ ಮನೆ ಮಾತಿನಲ್ಲೇ ಕೇಳುವುದು ಎಂದಾಯಿತು. ಯಾದಗಿರಿಯ ಅತ್ತಿಗೆ ಹತ್ತಿರ ಪುಸ್ತಕದ ಕನ್ನಡ ಮಾತಾಡಿದರೆ ಆಕೆ ಸರ್ಕಾರದವರು ಬಂದರು ಎಂದು ಬಾಗಿಲು ಹಾಕಿಕೊಳ್ಳುತ್ತಾಳೆ. ಪಾಲಿಕೆಯ ಕರಪತ್ರಗಳು ಮರಾಠಿಯಲ್ಲಿದ್ದವು. ಅವನ್ನು ಓದಿ ಕನ್ನಡದಲ್ಲಿ ನಾಲ್ಕು ಸಾಲಿನ ಚೀಟಿ ಮಾಡಿ ಡ್ರಮ್ಮಿನ ಹತ್ತಿರ ಅಂಟಿಸಿದರು. ಓದಲು ಬಾರದವರಿಗೆ ಚಿತ್ರ.

ಮುಚ್ಚಳ ಕಳೆದುಹೋದ ಡ್ರಮ್ಮುಗಳಿಗೆ ಹಳೆಯ ಸೀರೆಯ ಬಟ್ಟೆ ಎರಡು ಮಡಿಕೆ ಮಾಡಿ, ಸೈಕಲ್ ಟ್ಯೂಬು ಕತ್ತರಿಸಿದ ರಬ್ಬರ್ ಪಟ್ಟಿಯಿಂದ ಬಿಗಿದರು. ಸೈಕಲ್ ರಿಪೇರಿಯವನು ಹಳೆ ಟ್ಯೂಬು ಪುಕ್ಕಟೆ ಕೊಟ್ಟ. ಬೇರೆ ಖರ್ಚು ಅಂದರೆ ಟಾರ್ಚಿನ ಸೆಲ್ಲು ಮತ್ತು ಜೆರಾಕ್ಸು.

ಎಣಿಸುತ್ತ ಹೋದಾಗ ಇನ್ನೊಂದು ವಿಷಯ ಬಯಲಾಯಿತು. ಮಳೆಗಾಲದಲ್ಲಿ ಸೋರದಿರಲಿ ಎಂದು ಛಾವಣಿಗೆ ನೀಲಿ ತಾಡಪತ್ರಿ ಹೊದೆಸುತ್ತಾರೆ. ಅದು ಹಾರಿಹೋಗದಿರಲಿ ಎಂದು ಮೇಲೆ ಹಳೇ ಟಯರು ಇಡುತ್ತಾರೆ. ಟಯರಿನೊಳಗೆ ಮಳೆನೀರು, ತಾಡಪತ್ರಿಯ ಮಡಿಕೆಯಲ್ಲೂ ಮಳೆನೀರು. ಗುಡ್ಡದ ಮೇಲಿನ ಗಲ್ಲಿಯಿಂದ ಕೆಳಗಿನ ಛಾವಣಿಗಳು ಚೆನ್ನಾಗಿ ಕಾಣುತ್ತವೆ. ಮಕ್ಕಳು ಮೇಲೆ ನಿಂತೇ ಟಯರು ಎಣಿಸಿದರು. ಮನೆಯೊಳಗೆ ಎಷ್ಟು ಉಜ್ಜಿದರೂ ತಲೆಯ ಮೇಲೆ ಇದು ಇರುವವರೆಗೆ ಏನು ಪ್ರಯೋಜನ? ಟಯರು ತೆಗೆದರೆ ತಾಡಪತ್ರಿಗೆ ಭಾರಕ್ಕೆ ಏನಿಡುವುದು? ಮರಳು ತುಂಬಿದ ಚೀಲ ಎಂದು ಸೆಂಟ್ರಿಂಗ್ ಕೆಲಸದ ಅಪ್ಪಂದಿರು ಹೇಳಿದರು. ಸೈಟಿನಲ್ಲಿ ಖಾಲಿ ಸಿಮೆಂಟ್ ಚೀಲಕ್ಕೆ ಬರವಿಲ್ಲ.

ಟಯರು ಸಾಗಿಸಲು ಪಾಲಿಕೆಯೇ ಬರಬೇಕಿತ್ತು. ಮರಾಠಿ ಕ್ಲಾಸಿನಲ್ಲಿ ಪತ್ರಲೇಖನ ಇದ್ದೇ ಇದೆಯಲ್ಲ. ಆ ಸಲ ಪತ್ರ ಕಾಲ್ಪನಿಕ ಆಗಿರಲಿಲ್ಲ. ಯಾವ ಗಲ್ಲಿ, ಎಷ್ಟು ಟಯರು ಎಂದು ಪಟ್ಟಿ ಲಗತ್ತಿಸಿ ವಾರ್ಡ್ ಆಫೀಸಿನ ಕೀಟನಾಶಕ ವಿಭಾಗಕ್ಕೆ ಕೊಟ್ಟರು, ಸ್ವೀಕೃತಿಯ ಸಿಕ್ಕಾ ಹಾಕಿಸಿಕೊಂಡು ಬಂದರು. ಕೆಲವು ವಾರ ಏನೂ ಆಗಲಿಲ್ಲ. ಇನ್ನೊಂದು ಪತ್ರ ಹೋಯಿತು. ಆಮೇಲೆ ಒಂದು ದಿನ ಗಾಡಿ ಬಂತು, ಕೆಳಗಿನ ಎರಡು ಗಲ್ಲಿಯ ಟಯರು ಹೋದವು. ಮೇಲಿನ ಗಲ್ಲಿಗೆ ಗಾಡಿ ಹತ್ತುವುದಿಲ್ಲ, ಅಲ್ಲಿಯವು ಹಾಗೇ ಇವೆ.

ಏನಾಯಿತು, ಏನಾಗಲಿಲ್ಲ

ಡೆಂಗ್ಯೂ ಕಡಿಮೆಯಾಯಿತೇ ಎಂದು ಎಲ್ಲರೂ ಕೇಳುತ್ತಾರೆ. ಕಡಿಮೆಯಾಯಿತು ಎಂದು ನಾನು ಹೇಳುವುದಿಲ್ಲ. ಮಳೆ ನಿಂತು ಚಳಿ ಬಂದರೆ ಅದು ಹೇಗೂ ಇಳಿಯುತ್ತದೆ. ಹೋಲಿಸಲು ನಾವು ಕೆಲಸ ಮಾಡದ ಇನ್ನೊಂದು ಬಸ್ತಿಯ ಎಣಿಕೆ ನಮ್ಮ ಬಳಿ ಇಲ್ಲ. ಪಕ್ಕದ ಗಲ್ಲಿಯ ಸೊಳ್ಳೆ ಇಲ್ಲಿಗೆ ಹಾರಿ ಬರದೇ ಇರಲು ಅದಕ್ಕೇನೂ ಅಡ್ಡಿ ಇಲ್ಲ. ಟ್ರಸ್ಟಿಗಳ ಮೀಟಿಂಗಿನಲ್ಲಿ ಡೆಂಗ್ಯೂ ಮುಕ್ತ ಬಸ್ತಿ ಎಂದು ಬ್ಯಾನರ್ ಮಾಡಿಸೋಣ ಎಂದು ಯಾರೋ ಅಂದಾಗ ವಿಜ್ಞಾನದ ಸರ್ ಮಕ್ಕಳನ್ನೇ ಕೇಳಿ ಎಂದರು. ಮಕ್ಕಳು ಬೇಡ ಎಂದರು, ನಮಗೆ ಗೊತ್ತಿಲ್ಲವಲ್ಲ ಸರ್ ಎಂದರು. ನನ್ನ ಮಟ್ಟಿಗೆ ಆ ವರ್ಷದ ವಿಜ್ಞಾನದ ಅತಿ ಒಳ್ಳೆಯ ಉತ್ತರ ಅದು.

ಡ್ರಮ್ಮು ಸರದಿಯಲ್ಲಿ ಬಳಸುವ ಪದ್ಧತಿ ತಾಯಂದಿರು ಗಟ್ಟಿಯಾಗಿದ್ದ ಗಲ್ಲಿಗಳಲ್ಲಿ ನಿಂತಿತು. ಬೇರೆ ಕಡೆ ಗಣಪತಿ ಹಬ್ಬದ ಹೊತ್ತಿಗೇ ಸಡಿಲವಾಯಿತು. ದೀಪಾವಳಿ ರಜೆಗೆ ಅರ್ಧ ಬಸ್ತಿಯೇ ಊರಿಗೆ ಹೋಯಿತು, ತುಂಬಿಸಿಟ್ಟ ಡ್ರಮ್ಮುಗಳು ಹಾಗೇ ಉಳಿದವು.

ಕಲಿಕೆಯ ಕಡೆ ನೋಡಿದರೆ, ವರ್ಷದ ಕೊನೆಗೆ ಸರ್ ಅದೇ ಪ್ರಶ್ನೆ ಮತ್ತೆ ಕೇಳಿದರು. ನಿಮ್ಮ ಮನೆ ಹತ್ತಿರ ಈಡಿಸ್ ಎಲ್ಲಿ ಹುಟ್ಟುತ್ತೆ? ಮುಟ್ಟದ ಡ್ರಮ್ಮು, ಟಯರು, ತಾಡಪತ್ರಿ ಎಂದು ಹೆಚ್ಚಿನವರು ಬರೆದರು. ಗಟಾರ ಎಂದವರೂ ಇದ್ದರು. ಒಬ್ಬ ಹುಡುಗ ಅಪ್ಪ ಹಾಗೇ ಹೇಳೋದು ಎಂದ. ಅಪ್ಪನ ಮಾತು ಪುಸ್ತಕಕ್ಕಿಂತ ಗಟ್ಟಿ, ಟಾರ್ಚಿಗಿಂತಲೂ ಗಟ್ಟಿ ಎಂದು ಕಾಣುತ್ತದೆ. ಘನಫಲದ ಲೆಕ್ಕದಲ್ಲಿ ತಪ್ಪು ಕಡಿಮೆಯಾದವು. ವೃತ್ತದ ಜ್ಯಾ, ಕಂಸದಲ್ಲಿ ಏನೂ ಬದಲಾಗಲಿಲ್ಲ, ಆಗುವುದಕ್ಕೂ ಕಾರಣವಿಲ್ಲ. 2011ರಲ್ಲಿ ಸೆಲಿಯೋ, ಡರ್ಲಾಕ್, ಡಿಮ್ನಿಕಿ ಎಂಬವರು 62 ಅಧ್ಯಯನಗಳನ್ನು, ಅಂದರೆ 11,837 ವಿದ್ಯಾರ್ಥಿಗಳನ್ನು, ಒಟ್ಟಿಗೆ ಹಾಕಿ ನೋಡಿದ್ದರು. ಸೇವಾ ಕಲಿಕೆಯಿಂದ ಓದಿನಲ್ಲೂ ಶಾಲೆಯ ಮೇಲಿನ ಮನಸ್ಸಿನಲ್ಲೂ ಲಾಭ ಕಂಡಿತ್ತು. ಪಾಠಕ್ಕೆ ಜೋಡಿಸಿ, ಮಕ್ಕಳ ಮಾತು ಕೇಳಿ, ಊರವರನ್ನು ಸೇರಿಸಿ, ಮಾಡಿದ್ದರ ಬಗ್ಗೆ ಕೂತು ಯೋಚಿಸುವಂತೆ ಮಾಡಿ ಎಂಬುದು ಅವರ ಸಲಹೆ. ಕೂತು ಯೋಚಿಸುವುದಕ್ಕೆ ನಮ್ಮಲ್ಲಿ ಡೈರಿ ಇತ್ತು. ವಾರಕ್ಕೊಂದು ಪುಟ ಬರೆದು ನನಗೆ ತೋರಿಸಬೇಕಿತ್ತು. ಮೊದಲ ಪುಟಗಳಲ್ಲಿ "ನಾವು ಸಮಾಜಸೇವೆ ಮಾಡಿದೆವು, ಸಂತೋಷವಾಯಿತು" ಎಂಬ ಪ್ರಬಂಧದ ಸಾಲುಗಳು. ಅಜ್ಜಿ ಬಂದುಹೋದ ಮೇಲಿನ ಪುಟಗಳು ಬೇರೆ. ಮೂರು ಡ್ರಮ್ಮು ಉರುಳಿಸಿದ ಹುಡುಗ, ಆ ನೀರು ಎಷ್ಟು ಕೊಡ, ಅದನ್ನು ಅಜ್ಜಿ ಎಷ್ಟು ಸಲ ಹೊತ್ತಿರಬೇಕು ಎಂದು ಲೆಕ್ಕ ಮಾಡಿ ಬರೆದಿದ್ದ. ಯಾರೂ ಅವನಿಗೆ ಆ ಲೆಕ್ಕ ಕೊಟ್ಟಿರಲಿಲ್ಲ.

ಇನ್ನೊಂದು ಮಾತು. ಈ ನಗರದ ದೊಡ್ಡ ಶಾಲೆಗಳಲ್ಲೂ ಸೇವೆ ಕಡ್ಡಾಯ. ಐಸಿಎಸ್‌ಇ ಬೋರ್ಡಿನಲ್ಲಿ ಅದಕ್ಕೆ ಗ್ರೇಡ್ ಇದೆ, ಐಬಿ ಎಂಬ ಅಂತರರಾಷ್ಟ್ರೀಯ ಡಿಪ್ಲೊಮಾದಲ್ಲಿ ಅದಿಲ್ಲದೆ ಪಾಸಿಲ್ಲ. ಅಲ್ಲಿಯ ಮಕ್ಕಳು ಬಸ್ಸಿನಲ್ಲಿ ಬಸ್ತಿಗೆ ಬಂದು ಹೋಗುತ್ತಾರೆ. ಒಳ್ಳೆಯ ಮಕ್ಕಳೇ, ತಮಗೆ ಗೊತ್ತಿಲ್ಲದ ಮುಂಬಯಿಯನ್ನು ನೋಡಿದರೆ ಲಾಭವೇ. ಆದರೆ ಅಜ್ಜಿ ಅವರ ಶಾಲೆಗೆ ಹೋಗಿ ಬೈಯುವ ಹಾಗಿಲ್ಲ, ಗೇಟಿನಲ್ಲೇ ನಿಲ್ಲಿಸುತ್ತಾರೆ. ನಮ್ಮ ಮಕ್ಕಳು ಮಾಡಿದ್ದು ತಮ್ಮದೇ ಗಲ್ಲಿಯಲ್ಲಿ. ತಪ್ಪು ಮಾಡಿದರೆ ಅದೇ ಸಂಜೆ ಕಿವಿ ಹಿಂಡುವವರು ಪಕ್ಕದ ಮನೆಯಲ್ಲೇ ಇದ್ದರು.

ಸರಿಯಾಗದೆ ಉಳಿದದ್ದರಲ್ಲಿ ನನಗೆ ಜಾಸ್ತಿ ಚುಚ್ಚಿದ್ದು ಇದು. ಮನೆಗಳಲ್ಲಿ ಹುಡುಗರು ಫಾರ್ಮು ಹಿಡಿದು ಬರೆದರು, ಹುಡುಗಿಯರು ಅತ್ತಿಗೆ ಅಕ್ಕಂದಿರ ಜೊತೆ ಕೂತು ಉಜ್ಜಿದರು. ಯಾರೂ ಹಾಗೆ ಹೇಳಿರಲಿಲ್ಲ, ತಾನಾಗಿಯೇ ಹಾಗಾಯಿತು. ಡೈರಿಯಲ್ಲಿ ಇದನ್ನು ಬರೆದವಳು ಒಬ್ಬಳೇ ಹುಡುಗಿ. ಶಾಲೆಯಲ್ಲೂ ಕೆಲಸ ಹೇಳ್ತೀರಿ, ಮನೆಯಲ್ಲೂ ಹೇಳ್ತಾರೆ, ಕಲಿಯೋದು ಯಾವಾಗ ಟೀಚರ್ ಎಂದು ಬರೆದಿದ್ದಳು. ಇನ್ನು ಕೆಲವು ತಂದೆ ತಾಯಿ ಇದಕ್ಕೆ ಮಾರ್ಕ್ಸ್ ಎಲ್ಲಿ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಹತ್ತನೇ ಕ್ಲಾಸಿನ ಬೋರ್ಡ್ ಪರೀಕ್ಷೆಯಲ್ಲಿ ಡ್ರಮ್ಮು ಬರುವುದಿಲ್ಲ.

ಈ ವರ್ಷ ಹೊಸ ಎಂಟನೇ ಕ್ಲಾಸಿಗೆ ಹಳೆಯ ಪಟ್ಟಿ ಕೈಬದಲಾಗಿದೆ. ಫಾರ್ಮಿನಲ್ಲಿ ಎರಡು ಕಾಲಂ ಜಾಸ್ತಿ: ನಳ ಬರುವ ಹೊತ್ತು, ಊರಿಗೆ ಹೋಗುವ ದಿನ. ಊರಿಗೆ ಹೊರಟವರ ಡ್ರಮ್ಮನ್ನು ಪೂರ್ತಿ ಖಾಲಿ ಮಾಡಿ, ಉಜ್ಜಿ, ಮಗುಚಿ ಇಡಿಸುವುದು ಹುಡುಗರ ಕೆಲಸ. ಫಾರ್ಮು, ವಾರ್ಡ್ ಆಫೀಸಿನ ಪತ್ರ, ಸೂಚ್ಯಂಕದ ಲೆಕ್ಕ ಹುಡುಗಿಯರದು. ಇಬ್ಬರು ಅಪ್ಪಂದಿರು ಆಗಲೇ ಬಂದು, ನಮ್ಮ ಹುಡುಗನ ಕೈಯಲ್ಲಿ ಗುಂಜು ಯಾಕೆ ಕೊಟ್ಟಿದ್ದೀರಿ ಎಂದು ಹೆಡ್ ಮಾಸ್ತರಿಗೆ ದೂರು ಕೊಟ್ಟು ಹೋಗಿದ್ದಾರೆ. ಪಾಲಕರ ಸಭೆ ಮುಂದಿನ ಶನಿವಾರ ಇದೆ. ಅಜ್ಜಿಯನ್ನೂ ಕರೆದಿದ್ದೇವೆ.